ನೂರಾ ಹನ್ನೆರಡು ಮೆಟ್ಟಿಲು

ಗ್ಡಿನಿಯಾ ಬಂದರಿನ ನಾಲ್ಕನೇ ಕ್ರೇನಿಗೆ
ಲಿಫ್ಟಿಲ್ಲ. ಕಬ್ಬಿಣದ ಮೆಟ್ಟಿಲು ನೂರಾ ಹನ್ನೆರಡು.
ಹತ್ತು ವರ್ಷ ಹತ್ತಿಳಿದರೂ ಎಣಿಸಿದವಳಲ್ಲ ನಾನು.
ಸಲೀಸಾಗಿ ಆಡುವ ಉಸಿರನ್ನು
ಯಾರು ಕೂತು ಎಣಿಸುತ್ತಾರೆ?

ನೋವಿನ ಮಾತು ಬೇರೆ. ಅದಕ್ಕೆ ಹೆಸರಿದೆ:
ಎಂಡೊಮೆಟ್ರಿಯೋಸಿಸ್.
ಗರ್ಭಕೋಶದ ಒಳಗಿರಬೇಕಾದಂಥದ್ದು
ಹೊರಗೆ ಬೆಳೆದು ಕರುಳಿಗೂ ಅಂಟಿದೆ ಎಂದರು,
ಎರಡು ಸಲ ಹೊಟ್ಟೆಗೆ ತೂತಿಟ್ಟು ಕೆರೆದರು.
ನೋವು ಬಾಗಿಲು ಬಡಿದು ಬರುವ ಜಾತಿ,
ಬಂದದ್ದು ಊರಿಗೆಲ್ಲ ಕೇಳುತ್ತದೆ.
ಸುಸ್ತು ಹಾಗಲ್ಲ.
ಮನೆಯಲ್ಲೇ ಹುಟ್ಟಿ ಬೆಳೆದವರ ಹಾಗೆ
ನನ್ನ ಚಪ್ಪಲಿಯನ್ನೇ ಮೆಟ್ಟಿ ಓಡಾಡುತ್ತದೆ.

ಹತ್ತು ಗಂಟೆ ಮಲಗಿ ಎದ್ದರೂ
ನನ್ನ ಪಾಲಿನ ನಿದ್ದೆಯನ್ನು
ಇನ್ಯಾರೋ ಮಾಡಿ ಹೋದ ಹಾಗೆ.
ಹಲ್ಲುಜ್ಜಿ ಸುಧಾರಿಸಿಕೊಳ್ಳುತ್ತೇನೆ.
ಕಾಲುಚೀಲ ಒಂದು ಹಾಕಿ, ಇನ್ನೊಂದನ್ನು ನೋಡುತ್ತ ಕೂರುತ್ತೇನೆ.

"ಎಲ್ಲರಿಗೂ ಸುಸ್ತೇ" ಎಂದ ಮೊದಲ ಡಾಕ್ಟರು,
ಎಂದು ತಾನೂ ಆಕಳಿಸಿದ.
"ರಕ್ತ ಸರಿಯಿದೆ, ಗ್ರಾಝಿನಾ" ಎಂದ ಎರಡನೆಯವನು,
"ಮದುವೆ ಮುರಿದದ್ದು ಯಾವಾಗ?"
ಅಮ್ಮ ಬೀಟ್‌ರೂಟ್ ಸಾರು ಕಳಿಸಿದಳು,
ಡಬ್ಬಿ ತುಂಬ, ವಾರವಾರವೂ.
ಕೆಂಪು ಹೋದವಳು ಕೆಂಪೇ ಕುಡಿಯಬೇಕಂತೆ.
ಕುಡಿದೆ. ರುಚಿಯಾಗಿತ್ತು, ಅಷ್ಟೇ.

ನವೆಂಬರಿನ ಆ ಬುಧವಾರ
ಇಪ್ಪತ್ತೆರಡು ಟನ್ನು ಗಾಳಿಯಲ್ಲಿ ತೂಗುತ್ತಿದ್ದಾಗ
ನನ್ನ ರೆಪ್ಪೆ ಮುಚ್ಚಿತು.
ಅರೆಗಳಿಗೆ. ಅದಕ್ಕಿಂತ ಹೆಚ್ಚಿಲ್ಲ.
ಕೆಳಗೆ ಕಾಝಿಕ್, ಗಾಳಿಗೆ ಬೆನ್ನು ಕೊಟ್ಟು
ಸಿಗರೇಟು ಹಚ್ಚುತ್ತಿದ್ದ.
ಅವನಿಗೆ ಇನ್ನೂ ಗೊತ್ತಿಲ್ಲ.

ಮಾರನೇ ದಿನದಿಂದ ಎಣಿಸತೊಡಗಿದೆ.
ಕಂಟೇನರಿಗೆ ಗುರುತು ಹಾಕುವ ಹಳದಿ ಸೀಮೆಸುಣ್ಣ ಜೇಬಲ್ಲಿ,
ಕಾಲು ಸೋತು ನಿಂತ ಮೆಟ್ಟಿಲಿಗೊಂದು ಗೀಟು.
ಎಪ್ಪತ್ತರಲ್ಲಿ. ಐವತ್ತೆಂಟರಲ್ಲಿ.
ಮುಟ್ಟಿಗೆ ಮೂರು ದಿನ ಮುಂಚೆ ಮೂವತ್ತೊಂದರಲ್ಲೇ,
ಕಂಬಿಗೆ ಹಣೆ ಕೊಟ್ಟು.
ಕಡಲ ಮಂಜು ಗೀಟುಗಳನ್ನು ನೆಕ್ಕಿಬಿಡುತ್ತದೆಂದು
ಬ್ರೆಡ್ಡು ಸುತ್ತಿದ ಕಾಗದದ ಮೇಲೂ ಬರೆದುಕೊಂಡೆ.
ಒಂಬತ್ತು ವಾರ.

ಡಾಕ್ಟರ್ ಹಾಲ್ಶ್ಕಾಗೆ ಅರವತ್ತು ದಾಟಿರಬೇಕು.
ಬೆಣ್ಣೆಯ ಜಿಡ್ಡು ಹತ್ತಿದ ಚೀಟಿಗಳನ್ನು
ಮೇಜಿನ ಮೇಲೆ ಒಂದೊಂದಾಗಿ ಹರವಿ
ಕನ್ನಡಕ ಏರಿಸಿ ಓದಿದಳು, ನನ್ನ ಮುಖ ಆಮೇಲೆ.
"ಮೂವತ್ತೊಂದರಲ್ಲಿ ನಿಂತೆಯಲ್ಲ, ಆಗ ಏನನ್ನಿಸಿತು?"
ಯಾರೂ ಕೇಳಿರಲಿಲ್ಲ ಇದನ್ನು.
ಮಂಡಿಯ ವಿಚಾರ ಹೇಳಹೊರಟೆ,
ಬಾಯಿಗೆ ಬಂದದ್ದು ಕಾಝಿಕ್‌ನ ಸಿಗರೇಟು.

ಅವಳು ಪೆನ್ನು ಕೆಳಗಿಟ್ಟಳು.
ಕೂಡಿಟ್ಟ ಕಬ್ಬಿಣಾಂಶ ನೋಡೋಣ, ಥೈರಾಯ್ಡ್ ನೋಡೋಣ,
ರಾತ್ರಿ ನೋವಿಗೆ ಎಷ್ಟು ಸಲ ಏಳುತ್ತಿ, ನುಂಗುವ ಮಾತ್ರೆ ಯಾವುದು?
"ಇದೂ ಆ ಕಾಯಿಲೆಯ ಬಾಬತ್ತೇ.
ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ.
ಸೋಮಾರಿತನವಲ್ಲ ಅನ್ನುವುದನ್ನು ಮಾತ್ರ
ಬರೆದೇ ಕೊಡುತ್ತೇನೆ."
ಬರೆದಳು. ಮೊಹರು ಒತ್ತಿದಳು.
ಮೂರು ತಿಂಗಳು ನೆಲದ ಮೇಲಿನ ಕೆಲಸ,
ಆಮೇಲೆ ಮತ್ತೆ ಬಾ, ಚೀಟಿಗಳನ್ನೂ ತಾ.

ಮನೆಗೆ ಬರುವಾಗ ಟ್ರಾಲಿಬಸ್ಸಿನಲ್ಲಿ ಸೀಟು ಸಿಕ್ಕಿತು.
ಮುಂದಿನ ಸ್ಟಾಪಿನಲ್ಲಿ ಹೆರಿಂಗ್ ಮೀನಿನ ಚೀಲ ಹಿಡಿದ
ಅಜ್ಜಿಯೊಬ್ಬಳು ಹತ್ತಿ ನನ್ನ ಪಕ್ಕವೇ ನಿಂತಳು,
ನನ್ನ ಗಟ್ಟಿ ಭುಜವನ್ನು, ದಪ್ಪ ಬೂಟನ್ನು ನೋಡಿದಳು.
ಮೊಹರಿನ ಕಾಗದ ಕೋಟಿನೊಳಗೆ ಬೆಚ್ಚಗಿತ್ತು.
ತೋರಿಸಲಿಲ್ಲ.
ಏಳಲೂ ಇಲ್ಲ.